ಬಚ್ಚಲುಮನೆಯ ತಪಾಸಣೆ

ಆರ್.ಟಿ. ನಗರದ ಒಂದು ಮನೆಯ ಬಚ್ಚಲಿನಲ್ಲಿ ನಾನು ಕಾಲು ಗಂಟೆ ಬಂದಿಯಾಗಿದ್ದೆ. ಒಳಗೆ ಹೋದದ್ದು ನಾನೇ, ಯಾರೂ ತಳ್ಳಲಿಲ್ಲ. ಹೊರಗಿನಿಂದ ಚಿಲಕ ಹಾಕಿದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಆಕೆ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ಚಿಲಕದ ಜೊತೆಗೆ ಬೀಗವನ್ನೂ ಹಾಕುತ್ತಿದ್ದೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೇನೆ. ಮಷೀನಿನಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು ಚುಕ್ಕೆ ಇಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನನ್ನ ಕಣ್ಣು ತಪ್ಪಿಸಿಕೊಂಡು ಹೋಗುವುದು ಕಷ್ಟ ಎಂಬ ಹೆಸರಿದೆ. ಈ ಚಾಳಿ ಮನೆಗೂ ಅಂಟಿಕೊಂಡಿದೆ. ಬಾಗಲಗುಂಟೆಯ ನಮ್ಮ ಬೀದಿಗೆ ಬರುವ ತರಕಾರಿಯವನು ನನ್ನನ್ನು ಗೇಟಿನಲ್ಲಿ ಕಂಡರೆ ಗಾಡಿಯನ್ನು ಸ್ವಲ್ಪ ಜೋರಾಗಿಯೇ ತಳ್ಳುತ್ತಾನೆ. ಬೆಳಗಿನ ಮೊದಲ ಕಾಫಿ ಮಾಡುವುದು ನನ್ನ ಪಾಳಿ. ನಮ್ಮ ಫ್ರಿಜ್ಜಿನ ತುಂಬ ಹೆಂಡತಿಯ ಹೂರಣದ ಡಬ್ಬಿಗಳು, ಹಾಲಿಗೆ ಜಾಗವಿಲ್ಲ. ಕಿಟಕಿಯಿಂದ ಬೆಕ್ಕು ಬರುತ್ತದೆಂದು ಅವಳು ಹಾಲಿನ ಪಾತ್ರೆಯ ತಟ್ಟೆಯ ಮೇಲೆ ಬಟ್ಟೆ ಸುತ್ತಿದ ಒಂದು ಭಾರ ಇಟ್ಟಿರುತ್ತಾಳೆ. ಅದನ್ನೆತ್ತಿ ಪಕ್ಕಕ್ಕಿಟ್ಟು, ಹಾಲಿನಲ್ಲಿ ನೀರೆಷ್ಟಿದೆ ಎಂದು ಬೆರಳದ್ದಿ ನೋಡಿಯೇ ಒಲೆಯ ಮೇಲಿಡುವವನು ನಾನು.

ಇಂಥ ನನಗೆ ಎರಡು ವರ್ಷದ ಹಿಂದೆ ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹೊರಗೆ ಒಬ್ಬ ಮಹಾನುಭಾವ ಟೋಪಿ ಹಾಕಿದ. ಕಾರ್ಖಾನೆಯಲ್ಲಿ ಅಂದೇ ಬೋನಸ್ ಬಂದಿತ್ತು. ಅವನ ಕೈಯಲ್ಲಿ ಹೊಚ್ಚಹೊಸ ಫೋನಿತ್ತು, ಕಣ್ಣಲ್ಲಿ ನೀರಿತ್ತು. ಊರಿಗೆ ಹೋಗಲು ದುಡ್ಡಿಲ್ಲ, ಅಕ್ಕನ ಮದುವೆ ಅಂದ. ನಾನೇನು ಸುಮ್ಮನೆ ನಂಬಲಿಲ್ಲ. ಫೋನನ್ನು ಕೈಗೆ ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದೆ, ಫೋಟೊ ತೆಗೆದೆ, ಟಾರ್ಚ್ ಹಾಕಿದೆ. ಎಲ್ಲ ಸರಿಯಿತ್ತು. ಮದುವೆಯಾದ ದಿನಕ್ಕೆ ಹೆಂಡತಿಗೆ ಕೊಟ್ಟು ಬೆರಗುಗೊಳಿಸೋಣವೆಂದು ದುಡ್ಡು ಎಣಿಸಿದೆ. ಅವನು ತನ್ನ ಸಿಮ್ ತೆಗೆದುಕೊಂಡು, ಫೋನನ್ನು ಪೌಚಿನಲ್ಲಿ ಹಾಕಿ, ಮಳೆ ಬರುವ ಹಾಗಿದೆ ಸಾರ್ ಎಂದು ಟೇಪು ಸುತ್ತಿ, ನನ್ನ ಕೈಗಿಟ್ಟು ನಮಸ್ಕಾರ ಮಾಡಿದ. ಬಸ್ಸಿನಲ್ಲಿ ಟೇಪು ಬಿಚ್ಚಿದೆ. ಒಳಗೆ ನೆಲಕ್ಕೆ ಹಾಕುವ ಟೈಲ್ಸಿನ ಒಂದು ತುಂಡಿತ್ತು.

ಮರುದಿನ ಅದನ್ನು ಕಾರ್ಖಾನೆಗೆ ಒಯ್ದು ಅಳತೆ ಮಾಡಿದೆ ಎಂದರೆ ನೀವು ನಗುತ್ತೀರಿ. ಆದರೆ ಒಯ್ದೆ. ನಾಲ್ಕು ಮೂಲೆಗಳನ್ನೂ ಒಂದೇ ಅಳತೆಗೆ ಉಜ್ಜಿ ದುಂಡಗೆ ಮಾಡಿದ್ದ ಕಳ್ಳ. ನಮ್ಮ ಹೊಸ ಹುಡುಗರಲ್ಲಿ ಒಬ್ಬನ ಕೈಯಲ್ಲೂ ಅಷ್ಟು ಅಚ್ಚುಕಟ್ಟು ಕೆಲಸ ಬರುವುದಿಲ್ಲ. ಸಿಟ್ಟಿನಲ್ಲಿ ಅದರ ಬೆನ್ನಿಗೊಂದು ಕೆಂಪು ಚುಕ್ಕೆ ಇಟ್ಟು, ಅದೇ ಪೌಚಿಗೆ ತುರುಕಿ, ಮನೆಯ ಅಟ್ಟದ ಮೇಲಿದ್ದ ಹಳೆಯ ಟೂಲ್ ಬಾಕ್ಸಿನ ತಳದಲ್ಲಿ ಹೂತಿಟ್ಟೆ. ಹೆಂಡತಿಗೆ ಈ ವರ್ಷ ಬೋನಸ್ ಕೊಡಲಿಲ್ಲ ಎಂದೆ. ಅವಳು ಹೋಗಲಿ ಬಿಡಿ ಎಂದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೊಂದೇ. ಸತ್ತರೂ ಅದು ಹೊರಬೀಳಬಾರದು ಎಂದುಕೊಂಡಿದ್ದೆ.

ಅಲ್ಲಿಂದಾಚೆಗೆ ನಾನು ಮೊಬೈಲ್ ತಪಾಸಣೆಯಲ್ಲಿ ಪಂಡಿತನಾದೆ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಫೋನು ತನ್ನ ಹದಿನೈದು ಅಂಕಿಯ ನಂಬರನ್ನು ತಾನೇ ತೋರಿಸುತ್ತದೆ. ಅದು ಬಾಕ್ಸಿನ ಮೇಲಿನ ನಂಬರಿಗೆ ತಾಳೆಯಾಗಬೇಕು. ಆಮೇಲೆ ಆ ನಂಬರನ್ನು ಸರ್ಕಾರಕ್ಕೆ ಮೆಸೇಜ್ ಮಾಡಿದರೆ, ಇದು ಯಾವ ಕಂಪನಿಯ ಯಾವ ಫೋನು, ಕಳ್ಳಮಾಲೋ ಅಲ್ಲವೋ ಎಂದು ಜಾತಕ ಬರುತ್ತದೆ. ಕಾರ್ಖಾನೆಯಲ್ಲಿ ಯಾರು ಫೋನ್ ಕೊಂಡರೂ ನನ್ನ ಮುಂದೆ ಹಿಡಿಯತೊಡಗಿದರು. ಇಷ್ಟೆಲ್ಲ ಯಾಕೆ ಕಲಿತೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೀಗಿರುವಾಗ ಯುಗಾದಿಗೆ ಹತ್ತು ದಿನ ಇದೆ ಎನ್ನುವಾಗ ಹೆಂಡತಿಯ ಫೋನು ಬೆಲ್ಲದ ಪಾಕಕ್ಕೆ ಬಿತ್ತು. ಅವಳು ಮನೆಯಲ್ಲೇ ಹೋಳಿಗೆ ಮಾಡಿ ಮಾರುತ್ತಾಳೆ. ಆರ್ಡರೆಲ್ಲ ಫೋನಿನಲ್ಲೇ ಬರುವುದು. ಹಬ್ಬದ ಹೊತ್ತಿಗೆ ಫೋನಿಲ್ಲದಿದ್ದರೆ ವರ್ಷದ ಸಂಪಾದನೆಯಲ್ಲಿ ಅರ್ಧ ಹೋದಂತೆ. ಹೊಸದು ಕೊಳ್ಳುವಷ್ಟು ಕೈಯಲ್ಲಿರಲಿಲ್ಲ. ಹಳೆ ಸಾಮಾನು ಮಾರುವ ಆ್ಯಪಿನಲ್ಲಿ ಹುಡುಕಿದಾಗ ಆರ್.ಟಿ. ನಗರದಲ್ಲಿ ಆರು ತಿಂಗಳು ಬಳಸಿದ್ದೊಂದು ಸಿಕ್ಕಿತು. ಬಾಕ್ಸಿದೆ, ಬಿಲ್ಲು ಎಲ್ಲೋ ಇಟ್ಟಿದ್ದೇವೆ, ಮನೆಗೇ ಬನ್ನಿ ಎಂದು ಮಾರುವವರು ಹೇಳಿದರು. ಬಿಲ್ಲು ಎಲ್ಲೋ ಇದೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಬೆಂಕಿಯ ಮುಂದೆ ನಿಂತು ಅವಳು ದುಡಿದ ದುಡ್ಡು ಅದು. ಇನ್ನೊಂದು ಟೈಲ್ಸಿಗೆ ಅದನ್ನು ಕೊಡುವ ಪ್ರಶ್ನೆಯೇ ಇಲ್ಲ.

ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿದೆವು. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದು ಹೇಗೆ ಎಂದು ಹೆಂಡತಿ ಎಂಟು ಹೋಳಿಗೆ ಕಟ್ಟಿಕೊಂಡಿದ್ದಳು.

"ನಾವು ವ್ಯಾಪಾರಕ್ಕೆ ಹೋಗ್ತಿರೋದು ಕಣೇ, ನೆಂಟರ ಮನೆಗಲ್ಲ" ಎಂದೆ.

"ಅದಕ್ಕೇ ಹೇಳ್ತಿದೀನಿ ಕೇಳಿ. ಅಲ್ಲಿ ಹೋಗಿ ನಿಮ್ಮ ಪೊಲೀಸ್ ಎನ್‌ಕ್ವೈರಿ ಶುರು ಮಾಡ್ಬೇಡಿ. ಒಬ್ಬರ ಮನೇಲಿ ಕೂತ್ಕೊಂಡು ಅವ್ರನ್ನೇ ಕಳ್ಳರ ಥರ ನೋಡಿದ್ರೆ ನಂಗೆ ನಾಚಿಕೆ ಆಗುತ್ತೆ."

"ಚೆಕ್ ಮಾಡ್ದೆ ತಗೊಳ್ಳೋಕಾಗುತ್ತಾ?"

"ಜನ ನೋಡಿದ್ರೆ ಗೊತ್ತಾಗಲ್ವಾ?"

ಜನ ನೋಡಿ ಏನು ಗೊತ್ತಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದು ಹೇಗೆ ಗೊತ್ತು ಎಂದು ಹೇಳುವಂತಿರಲಿಲ್ಲ. ಗೊರಗುಂಟೆಪಾಳ್ಯ, ಮತ್ತಿಕೆರೆ, ಸಂಜಯನಗರ ದಾಟುವವರೆಗೂ ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದೆ.

ಮನೆ ಗ್ರೌಂಡ್ ಫ್ಲೋರಿನಲ್ಲಿತ್ತು. ಮನೆಯಾತನಿಗೆ ನಲವತ್ತರ ಆಸುಪಾಸು, ಸೋಫಾ ರಿಪೇರಿಯ ಅಂಗಡಿ. ಮಾರುತ್ತಿದ್ದ ಫೋನು ಅವನ ತಾಯಿಯದು. ಅಜ್ಜಿ ದಿವಾನದ ಮೇಲೆ ಕಾಲು ಮಡಚಿ ಕೂತಿದ್ದರು. ಮಗನೊಂದಿಗೆ ಉರ್ದು, ನಮ್ಮೊಂದಿಗೆ ಕನ್ನಡ.

"ಬಾರಮ್ಮಾ, ಬಾ ಬೇಟಿ, ಫ್ಯಾನ್ ಕೆಳಗೆ ಕೂತ್ಕೋ" ಎಂದು ನನ್ನ ಹೆಂಡತಿಯ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. "ಈ ಫೋನ್ ನಂಗೆ ಬ್ಯಾಡ. ಕಿವಿ ಹತ್ರ ಹಿಡ್ಕೊಂಡ್ರೆ ಕೆನ್ನೆ ತಾಗಿ ಎಲ್ಲೆಲ್ಲಿಗೋ ಹೋಗುತ್ತೆ. ಮೊನ್ನೆ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ, ಕೋಲಾರದ ಬೀಗರು ಮುಖ ತೋರಿಸ್ತಾ ಬಂದ್ಬಿಟ್ರು! ಬಟನ್ ಫೋನ್ ಕೊಡ್ಸು ಅಂತ ಇವನಿಗೆ ಹೇಳಿದೀನಿ."

ಹೆಂಡತಿ ಹೋಳಿಗೆಯ ಪೊಟ್ಟಣ ಕೊಟ್ಟಳು. ಅಜ್ಜಿ ಅದರಲ್ಲೊಂದು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಲ್ಲಿಗೆ ನನ್ನ ಕತೆ ಮುಗಿಯಿತು. ಟೀ ಬಂತು, ಬಿಸ್ಕೆಟ್ ಬಂತು, ಒಂದು ಬೋಗುಣಿ ಶಾವಿಗೆ ಪಾಯಸ ಬಂತು. ಸೊಸೆಯ ತವರು, ನನ್ನ ಹೆಂಡತಿಯ ಮಂಡಿನೋವು, ಕಡಲೆಬೇಳೆಯ ರೇಟು, ಎಲ್ಲವೂ ಬಂತು. ಫೋನು ಮಾತ್ರ ಟೀಪಾಯಿಯ ಮೇಲೆ ಬಾಕ್ಸಿನ ಪಕ್ಕದಲ್ಲಿ ಬಿದ್ದಿತ್ತು, ಅದರ ಬಗ್ಗೆ ಯಾರಿಗೂ ಆಸಕ್ತಿಯಿರಲಿಲ್ಲ.

"ನೋಡ್ಕೊಳ್ಳಿ ಸಾರ್" ಎಂದು ಮಗ ಒಂದು ಸಲ ಅಂದ. ನಾನು ಕೈ ಚಾಚಬೇಕು, ಅಷ್ಟರಲ್ಲಿ ಅಜ್ಜಿ, "ನೋಡೋದೇನು? ನಮ್ಮನೆ ಫೋನು. ಕಣ್ಮುಚ್ಕೊಂಡು ತಗೊಂಡ್ಹೋಗಿ" ಎಂದರು. ಹೆಂಡತಿ ನನ್ನತ್ತ ಒಂದು ನೋಟ ಬೀರಿದಳು. ನಾನು ಚಾಚಿದ ಕೈಯಲ್ಲಿ ಬಿಸ್ಕೆಟ್ ಎತ್ತಿಕೊಂಡೆ.

ನಮ್ಮ ಜನರ ಕಷ್ಟ ಇದೇ. ಅಂಗಡಿಯಲ್ಲಾದರೆ ಒಂದು ತೆಂಗಿನಕಾಯಿಯನ್ನು ಹತ್ತು ಸಲ ಕುಟ್ಟಿ ನೋಡುತ್ತೇವೆ. ಅದೇ ಒಬ್ಬರ ಮನೆಯ ಪಾಯಸ ಉಂಡ ಮೇಲೆ, ನಿಮ್ಮ ಫೋನು ಕದ್ದದ್ದಲ್ಲ ತಾನೇ ಎಂದು ಯಾವ ಬಾಯಲ್ಲಿ ಕೇಳುವುದು? ಯಶವಂತಪುರದವನು ಕಣ್ಣೀರಲ್ಲಿ ನನ್ನನ್ನು ಕೊಂದಿದ್ದ. ಇವರು ಬೋಗುಣಿಯಲ್ಲಿ ಕೊಲ್ಲುತ್ತಿದ್ದರು. ಒಳ್ಳೆಯವರೇ ಇರಬಹುದು, ಆದರೆ ಅವನೂ ಆವತ್ತು ಒಳ್ಳೆಯವನಂತೆಯೇ ಕಂಡಿದ್ದನಲ್ಲ.

ಸರಿ, ಗುಟ್ಟಾಗಿ ಮಾಡೋಣವೆಂದು ತೀರ್ಮಾನಿಸಿದೆ. ಬಾಕ್ಸನ್ನು ಸುಮ್ಮನೆ ಅತ್ತಿತ್ತ ತಿರುಗಿಸುವವನಂತೆ ಹಿಂಬದಿಯ ಹದಿನೈದು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡೆ. ದಿನವಿಡೀ ಅಂಕಿಗಳನ್ನೇ ನೋಡುವವನಿಗೆ ಅದೇನು ದೊಡ್ಡದಲ್ಲ. ಮಗ, "ಬಿಲ್ಲು ಬೀರುವಿನಲ್ಲಿದೆಯಾ ನೋಡ್ತೀನಿ" ಎಂದು ಒಳಗೆ ಹೋದ. ಅಜ್ಜಿ ಹೆಂಡತಿಯ ಹತ್ತಿರ ಹೂರಣದ ಹದ ಕೇಳುತ್ತಿದ್ದರು. ನಾನು ಫೋನನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, "ಬಾತ್‌ರೂಮ್ ಎಲ್ಲಿದೆ ಅಮ್ಮಾ?" ಎಂದೆ. ಆಕೆ ಬೆರಳು ತೋರಿಸಿದರು. ಬೆರಳು ಬಚ್ಚಲ ಕಡೆಗಿತ್ತು, ಕಣ್ಣು ನನ್ನ ಜೇಬಿನ ಮೇಲಿತ್ತು. ಅದನ್ನು ಗಮನಿಸದೇ ಹೋದದ್ದು ನನ್ನ ಇಪ್ಪತ್ತೆಂಟು ವರ್ಷದ ಸರ್ವೀಸಿಗೆ ಕಪ್ಪುಚುಕ್ಕೆ.

ಒಳಗೆ ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಸಣ್ಣಗೆ ಬಿಟ್ಟು, ಸ್ಟಾರ್ ಹ್ಯಾಶ್ ಒತ್ತಿದೆ. ನಂಬರ್ ಬಂತು. ಬಾಯಿಪಾಠದೊಂದಿಗೆ ಅಂಕಿ ಅಂಕಿ ತಾಳೆಯಾಯಿತು. ಇನ್ನು ಸರ್ಕಾರದ ಜಾತಕವೊಂದು ಬಾಕಿ. ನನ್ನ ಫೋನಿನಿಂದ ಮೆಸೇಜ್ ಕಳಿಸಲು ಹೋದರೆ ಸಿಗ್ನಲ್ ಸೊನ್ನೆ. ಮೇಲೆ ಗಾಜಿನ ಪಟ್ಟಿಗಳ ವೆಂಟಿಲೇಟರ್ ಇತ್ತು, ಒಂದು ಪಟ್ಟಿ ಬಿದ್ದುಹೋಗಿತ್ತು. ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ಆ ಸಂದಿನಲ್ಲಿ ಕೈ ತೂರಿಸಿ ನನ್ನ ಫೋನನ್ನು ಹೊರಗೆ ಹಿಡಿದೆ.

ಅದೇ ಹೊತ್ತಿಗೆ ಎರಡು ಸದ್ದು ಕೇಳಿಸಿತು. ಒಂದು, ಬಾಗಿಲ ಹೊರಗಡೆ ಚಿಲಕ ಬಿದ್ದದ್ದು. ಎರಡನೆಯದು ಅಜ್ಜಿಯ ಕೂಗು: "ಅರೇ, ಫೋನ್ ಲೇಕೆ ಅಂದರ್ ಗಯಾ! ಪಿಚ್ಛೇ ಜಾ, ಪಿಚ್ಛೇ!"

ಫೋನ್ ತಗೊಂಡು ಒಳಗೆ ಹೋದ, ಹಿಂದುಗಡೆ ಹೋಗು ಎನ್ನುವಷ್ಟು ಉರ್ದು ನನಗೂ ಬರುತ್ತದೆ. ಕೈ ಎಳೆದುಕೊಳ್ಳುವಷ್ಟರಲ್ಲಿ ಹೊರಗಿನ ಓಣಿಯಿಂದ ಯಾರೋ ನನ್ನ ಮುಂಗೈಯನ್ನು ಗಬಕ್ಕನೆ ಹಿಡಿದರು. ಸೋಫಾಗೆ ರೆಕ್ಸಿನ್ ಎಳೆದು ಎಳೆದು ಗಟ್ಟಿಯಾದ ಕೈ ಅದು.

"ಯಾರಿಗೆ ಕೊಡ್ತಿದ್ದೆ? ಯಾರವನು ಪಾರ್ಟ್ನರು?" ಹತ್ತು ನಿಮಿಷದ ಹಿಂದೆ ಸಾರ್ ಎನ್ನುತ್ತಿದ್ದ ಬಾಯಿ.

"ಯಾರೂ ಇಲ್ಲ ಕಣ್ರೀ! ಸಿಗ್ನಲ್ ಇಲ್ಲ ಅಂತ!"

"ಅವನೂ ಇದನ್ನೇ ಹೇಳಿದ್ದ!"

ಯಾರು ಅವನು ಎಂಬುದು ಬಾಗಿಲಾಚೆ ಅಜ್ಜಿ ನನ್ನ ಹೆಂಡತಿಗೆ ಹೇಳುತ್ತಿದ್ದುದರಿಂದ ತಿಳಿಯಿತು. "ಹಿಂಗೇ ಒಬ್ಬ ಬಂದಿದ್ದ ಬೇಟಿ. ಇವನ ಹಳೇ ಫೋನ್ ನೋಡೋಕೆ. ಟೀ ಕುಡ್ದ, ಬಿಸ್ಕೆಟ್ ತಿಂದ. ಸಿಗ್ನಲ್ ಇಲ್ಲ ಅಂತ ಹೊರಗೆ ಹೋದ. ಹೋದೋನು ಹೋದ." ಆವತ್ತಿನಿಂದ ಆ ಮನೆಯಲ್ಲಿ ಒಂದು ಕಾನೂನು. ಬಂದವರಿಗೆ ಹೊಟ್ಟೆ ತುಂಬ ಉಪಚಾರ ಮಾಡಬಹುದು, ಫೋನು ಮಾತ್ರ ನಡುಮನೆಯಿಂದಾಚೆ ಹೋಗಬಾರದು. ನಾನು ಅವರನ್ನು ತಪಾಸಣೆ ಮಾಡಲು ಹೊಂಚು ಹಾಕುತ್ತಿದ್ದೆ. ಅವರು ಪಾಯಸ ಬಡಿಸುತ್ತಲೇ ನನ್ನ ತಪಾಸಣೆ ಮಾಡುತ್ತಿದ್ದರು.

ಓಣಿಯವನು ನನ್ನ ಕೈಯಿಂದ ಫೋನು ಕಿತ್ತುಕೊಂಡು ನೋಡಿದ. ಅದು ಗಾಜು ಬಿರಿದ ನನ್ನ ಹಳೆಯ ಫೋನು. ಅವನಿಗೆ ಗಲಿಬಿಲಿಯಾಯಿತು. ಅಷ್ಟರಲ್ಲಿ ಓಣಿಯ ಸಿಗ್ನಲ್ಲಿಗೆ ಮೆಸೇಜ್ ಹೋಗಿ, ಉತ್ತರವೂ ಟಿಂಗ್ ಎಂದು ಅವನ ಕೈಯಲ್ಲೇ ಬಂತು. ಅದನ್ನು ಓದಿಕೊಂಡ. ಆಮೇಲೆ ವೆಂಟಿಲೇಟರಿನ ಮೂಲಕವೇ ಒಳಗೆ ಕೇಳುವಂತೆ ಕೂಗಿದ:

"ಅಮ್ಮೀ! ಹಮಾರಾ ಫೋನ್ ಅಸಲೀ ಹೈ ಕತೇ! ಗೌರ್ಮೆಂಟ್ ಬೋಲಿ!"

"ಮಾಲೂಮ್ ಹೈ ರೇ!" ಅಜ್ಜಿ ಬಾಗಿಲಾಚೆಯಿಂದ ಗದರಿ, ನಮಗೂ ತಿಳಿಯಲೆಂದು ಕನ್ನಡಕ್ಕೆ ತಿರುಗಿದರು. "ಫೋನ್ ಅಸಲಿ ಅಂತ ನಂಗೊತ್ತಿಲ್ವಾ? ಒಳಗಿರೋ ಮನುಷ್ಯ ಅಸಲಿನಾ ಅಂತ ಕೇಳು!"

ಬಕೆಟ್ ಮೇಲೆ ನಿಂತು ನಾನು ಬೆವರಿದೆ. ಈ ಪ್ರಶ್ನೆಗೆ ಮೆಸೇಜ್ ಮಾಡಲು ಯಾವ ನಂಬರೂ ಇಲ್ಲ. ಆಗ ಬಾಗಿಲ ಹತ್ತಿರವೇ ನನ್ನ ಹೆಂಡತಿಯ ದನಿ ಕೇಳಿಸಿತು. ಗಾಬರಿಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಹಿಟ್ಟು ನಾದುತ್ತಾ ಮಾತಾಡುವಂಥ ದನಿ.

"ಅಮ್ಮಾ, ಇವ್ರಿಗೆ ಮೋಸ ಮಾಡೋಕೆ ಬರಲ್ಲ. ಮೋಸ ಹೋಗೋಕೆ ಮಾತ್ರ ಬರುತ್ತೆ."

"ಹಂಗಂದ್ರೆ?"

"ಎರಡು ವರ್ಷದ ಹಿಂದೆ ಬೋನಸ್ ದುಡ್ಡಲ್ಲಿ ನಂಗೆ ಅಂತ ಫೋನ್ ತಗೊಳ್ಳೋಕೆ ಹೋಗಿದಾರೆ. ಯಾವನೋ ಟೈಲ್ಸ್ ತುಂಡು ಕಟ್ಟಿಕೊಟ್ಟು ಕಳ್ಸಿದಾನೆ. ನಂಗೆ ಬಂದು ಬೋನಸ್ಸೇ ಕೊಟ್ಟಿಲ್ಲ ಅಂದ್ರು. ಮೂರು ದಿನ ಸರಿಯಾಗಿ ಊಟ ಮಾಡಿಲ್ಲ ಅಮ್ಮಾ. ಇವ್ರ ಜೊತೆ ಕೆಲಸ ಮಾಡೋರ ಮನೆಯವ್ರು ಸಿಕ್ಕಿ, ಬೋನಸ್ ಬಂತಲ್ಲ ಏನ್ ತಗೊಂಡ್ರಿ ಅಂದಾಗ ನಂಗೇನೇನೋ ಅನುಮಾನ. ಆ ದಸರಾಗೇ ಅಟ್ಟ ಕ್ಲೀನ್ ಮಾಡ್ಬೇಕಾದ್ರೆ ಸಿಕ್ತು. ಫೋನ್ ಪೌಚು, ಒಳಗೆ ಟೈಲ್ಸು, ಅದ್ರ ಮೇಲೆ ಇವ್ರ ಫ್ಯಾಕ್ಟ್ರಿ ಕೆಂಪು ಚುಕ್ಕೆ. ಬೋನಸ್ ಬಂದಾಗ ನಮ್ಮ ಮದುವೆ ದಿನ ಹತ್ರ ಇತ್ತಲ್ಲ, ನಂಗೇ ತರೋಕೆ ಹೋಗಿದ್ದು ಅಂತ ಅರ್ಥ ಆಯ್ತು. ಕಳ್ಳನ ಮಾಲಿಗೂ ರಿಜೆಕ್ಟ್ ಅಂತ ಗುರುತು ಹಾಕೋ ಮನುಷ್ಯ ಇವ್ರು."

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಕೇಳಿಲ್ವಾ ನೀನು?"

"ಏನಂತ ಕೇಳ್ಲಿ? ಫ್ಯಾಕ್ಟ್ರಿನಲ್ಲಿ ಎಲ್ರೂ ಇವ್ರ ಕಣ್ಣಿಗೆ ಹೆದರ್ತಾರೆ. ಆ ಮರ್ಯಾದೆ ಮನೇಲೂ ಇರ್ಲಿ ಅಂತ ಸುಮ್ನಿದ್ದೆ. ಆ ಟೈಲ್ಸ್ ಈಗ್ಲೂ ಇದೆ. ಬೆಕ್ಕು ಬರ್ದಿರ್ಲಿ ಅಂತ ಬಟ್ಟೆ ಸುತ್ತಿ ಹಾಲಿನ ಪಾತ್ರೆ ಮೇಲೆ ಇಡ್ತೀನಿ. ದಿನಾ ಬೆಳಿಗ್ಗೆ ಇವ್ರೇ ಎತ್ತಿಡ್ತಾರೆ. ಎರಡು ವರ್ಷ ಆಯ್ತು, ಗೊತ್ತಾಗಿಲ್ಲ. ಇವ್ರು ನಿಮ್ಮ ಫೋನ್ ಕದೀತಾರಾ ಹೇಳಿ?"

ನಾನು ಬಕೆಟ್ ಮೇಲೇ ಕುಕ್ಕರಿಸಿದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಎದೆ ಹಗುರಾಯಿತು, ಕಣ್ಣು ತುಂಬಿತು. ಎರಡು ವರ್ಷ ನಾನು ಅವಳಿಂದ ಬಚ್ಚಿಟ್ಟಿದ್ದೇನೆ ಎಂದುಕೊಂಡದ್ದನ್ನು ಅವಳು ದಿನಾ ನನ್ನ ಕೈಗೇ ಕೊಡುತ್ತಿದ್ದಳು. ಒಂದು ದಿನವೂ ಚುಚ್ಚಲಿಲ್ಲ. ನಲ್ಲಿ ಇನ್ನೂ ಸಣ್ಣಗೆ ಹರಿಯುತ್ತಿತ್ತು. ಎದ್ದು ಮುಖ ತೊಳೆದುಕೊಂಡೆ.

ಚಿಲಕ ಸರಿಯಿತು. ಅಜ್ಜಿ ಸೆರಗಿನಿಂದ ನಗುವಿನ ನೀರು ಒರೆಸಿಕೊಳ್ಳುತ್ತಾ ನಿಂತಿದ್ದರು. "ಬಾ ಬೇಟಾ. ಚೆಕ್ ಮಾಡ್ಬೇಕು ಅಂದ್ರೆ ಹಾಲ್‌ನಲ್ಲೇ ಮಾಡ್ಬಾರ್ದಾ? ನಾವೇನ್ ಬ್ಯಾಡ ಅಂತಿದ್ವಾ?"

"ಪಾಯಸ ತಿಂದ್ಬಿಟ್ಟಿದ್ದೆ ಅಮ್ಮಾ, ಹೆಂಗ್ ಕೇಳೋದು" ಎಂದೆ.

"ಅದಕ್ಕೇ ನಾನೂ ಚಿಲಕ ಮೆಲ್ಲಗೆ ಹಾಕಿದ್ದು" ಎಂದರು ಆಕೆ.

ಮಗ ಓಣಿ ಸುತ್ತಿಕೊಂಡು ಬಂದು ನನ್ನ ಫೋನು ನನಗೆ ಕೊಟ್ಟ. ಮತ್ತೆ ಸಾರ್ ಅಂದ. ನನ್ನ ಮುಂಗೈ ಕೆಂಪಾಗಿದ್ದು ನೋಡಿ ಪೇಚಾಡಿಕೊಂಡು ಇನ್ನೂರು ರೂಪಾಯಿ ತಾನಾಗಿಯೇ ಇಳಿಸಿದ. ಹೊರಡುವಾಗ ಬಾಕ್ಸಿಗೆ ಚಾರ್ಜರ್ ತುಂಬಲು ಒಳಗಿನ ರಟ್ಟು ಎತ್ತಿದರೆ, ಅದರಡಿಯಲ್ಲಿ ಬಿಲ್ಲು ಮಡಚಿಕೊಂಡು ಕೂತಿತ್ತು. ಬಾಕ್ಸಿನ ಹೊರಮೈಯನ್ನೆಲ್ಲ ಬಾಯಿಪಾಠ ಮಾಡಿದ ನಾನು ಒಳಗೆ ಕೈ ಹಾಕಿರಲಿಲ್ಲ. ಹೊಸ ಫೋನಿನಲ್ಲಿ ಹೆಂಡತಿ ಬರೆದುಕೊಂಡ ಮೊದಲ ಆರ್ಡರು ಆ ಅಜ್ಜಿಯದೇ, ಎರಡು ಡಜನ್ ಕಾಯಿಹೋಳಿಗೆ.

ಹಿಂತಿರುಗುವಾಗ ಮತ್ತಿಕೆರೆಯ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದೆ. "ನಾನು ಸುಳ್ಳು ಹೇಳ್ದೆ ಅಂತ ಬೇಜಾರಾಗ್ಲಿಲ್ವಾ?"

"ಆಯ್ತು. ಅಟ್ಟದ ಮೇಲೇ ಸ್ವಲ್ಪ ಹೊತ್ತು ಕೂತು ಅತ್ತೆ" ಎಂದಳು. "ದುಡ್ಡಿಗಲ್ಲ. ನಂಗೆ ಹೇಳ್ದೆ ಒಬ್ಬರೇ ಊಟ ಬಿಟ್ಟು ಕೂತ್ರಲ್ಲ, ಅದಕ್ಕೆ. ಹಸಿರು ಬಿತ್ತು, ಹೋಗಿ."

ಮರುದಿನ ಬೆಳಿಗ್ಗೆ ಎಂದಿನಂತೆ ಕಾಫಿಗೆ ಎದ್ದೆ. ಹಾಲಿನ ಪಾತ್ರೆಯ ಮೇಲಿನ ಭಾರವನ್ನು ಎತ್ತಿ ಮೊದಲ ಸಲ ಬಟ್ಟೆ ಬಿಚ್ಚಿದೆ. ಅದೇ ಟೈಲ್ಸು, ಅದೇ ದುಂಡನೆಯ ನಾಲ್ಕು ಮೂಲೆಗಳು. ಬೆನ್ನ ಮೇಲಿನ ನನ್ನ ಕೆಂಪು ಚುಕ್ಕೆ ಸ್ವಲ್ಪ ಮಾಸಿತ್ತು. ರಿಜೆಕ್ಟ್ ಆದ ಮಾಲು ಎರಡು ವರ್ಷ ಒಂದು ದಿನವೂ ತಪ್ಪದೆ ಕೆಲಸ ಮಾಡಿದೆ ಎಂದರೆ ತಪ್ಪು ಇನ್ಸ್‌ಪೆಕ್ಟರದ್ದು. ಬ್ಯಾಗಿನಿಂದ ಹಸಿರು ಪೆನ್ನು ತಂದು ಕೆಂಪಿನ ಪಕ್ಕದಲ್ಲೊಂದು ಚುಕ್ಕೆ ಇಟ್ಟೆ.

ಕೋಣೆಯೊಳಗಿಂದ ಹೆಂಡತಿ ಕೂಗಿ ಹೇಳಿದಳು: "ಬಟ್ಟೆ ಬಿಗಿಯಾಗಿ ಸುತ್ತಿ ರೀ, ಬೆಕ್ಕು ಎಳ್ದಾಕುತ್ತೆ."